ಅಮ್ಮನ ಹೊಲಿಗೆ ಮಿಷನ್ನು

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಪೂಜ್ಯ ಭಂತೇಜಿಯವರೇ, ಮುಂದಿನ ಸಾಲಿನಲ್ಲಿ ಆಗಲೇ ಕಣ್ಣು ಮುಚ್ಚಿರುವ ಹಿರಿಯ ಧ್ಯಾನಿಗಳೇ, ಸಭಿಕರೇ,

ನಮ್ಮ ಬೌದ್ಧ ಧ್ಯಾನ ಕೇಂದ್ರದ ವಾರ್ಷಿಕೋತ್ಸವದಲ್ಲಿ ‘ಆಸೆ ಮತ್ತು ಅದನ್ನು ಬಿಡುವ ಬಗೆ’ ಕುರಿತು ನಾನು ಮಾತಾಡಬೇಕಂತೆ. ನಾನು ಟೈಲರ್. ಬಿಚ್ಚುವುದಕ್ಕಿಂತ ಹೊಲಿಯುವುದೇ ನನಗೆ ಸಲೀಸು. ಆದರೂ ನನಗಾದದ್ದನ್ನು ಹೇಳುತ್ತೇನೆ.

ನಮ್ಮಮ್ಮನೂ ಟೈಲರ್. ಅವಳು ತೀರಿಕೊಂಡಾಗ ಉಳಿದದ್ದು ಕಾಲಿನಿಂದ ತುಳಿಯುವ ಒಂದು ಹಳೇ ಹೊಲಿಗೆ ಮಿಷನ್ನು ಮತ್ತು ನಾವಿಬ್ಬರು ಹೆಣ್ಣುಮಕ್ಕಳು. ಅಮ್ಮ ನನ್ನ ಮನೆಯಲ್ಲಿದ್ದಳು, ಮಿಷನ್ನೂ ಅಲ್ಲೇ ಉಳಿಯಿತು. ಅಕ್ಕ ಅಂದಳು, “ಅದರ ಮುಂದೆ ಕೂತು ಕೆಲಸ ಕಲಿತವಳು ನಾನು. ನೀನಾಗ ತೊಟ್ಟಿಲಲ್ಲಿ ಬೆರಳು ಚೀಪ್ತಿದ್ದೆ.” ನಾನಂದೆ, “ಕೊನೇವರೆಗೂ ಅಮ್ಮನ್ನ ನೋಡ್ಕೊಂಡೋಳು ಯಾರು?” ಅಲ್ಲಿಗೆ ಮಾತು ನಿಂತಿತು. ಮನೆಗಳ ನಡುವೆ ಇದ್ದದ್ದು ಒಂದೇ ಬೀದಿ. ಎದುರಾದರೆ ಅವಳು ಆ ಕಡೆ, ನಾನು ಈ ಕಡೆ.

ಹೋಗಲಿ, ಆ ಮಿಷನ್ನಿನಲ್ಲಿ ನಾನು ಒಂದು ಹೊಲಿಗೆಯನ್ನಾದರೂ ಹಾಕಿದೆನೇ? ಇಲ್ಲ, ನನ್ನ ಕೆಲಸಕ್ಕೆ ಬೇರೆ ಮಿಷನ್ನಿತ್ತು. ಬೆಳಿಗ್ಗೆ ಎದ್ದು ಒರೆಸುವುದು, ಬಟ್ಟೆ ಹೊದಿಸುವುದು. ಯಾರಾದರೂ ಅದರ ಹತ್ತಿರ ಸುಳಿದರೆ ನನ್ನೆದೆ ಡವಡವ. ಬಿ.ಪಿ. ಏರಿತು. ಡಾಕ್ಟರು ಮಾತ್ರೆಯನ್ನೂ ಕೊಟ್ಟರು, ಈ ಕೇಂದ್ರದ ವಿಳಾಸವನ್ನೂ ಕೊಟ್ಟರು. ನಾನು ಬಂದ ದಿನ ಭಂತೇಜಿ ಹೇಳುತ್ತಿದ್ದರು: “ದುಃಖಕ್ಕೆ ಮೂಲ ತೃಷ್ಣೆ. ವಸ್ತು ನಮ್ಮನ್ನ ಹಿಡ್ಕೊಂಡಿರಲ್ಲ, ನಾವೇ ಅದನ್ನ ಹಿಡ್ಕೊಂಡಿರೋದು.”

ಬಿಟ್ಟೇಬಿಡೋಣ ಎಂದು ಮಿಷನ್ನನ್ನು ಅಕ್ಕನ ಮನೆಗೆ ಕಳಿಸಿದೆ. ಹೊತ್ತವರು ನಮ್ಮ ಯಜಮಾನರು. ನಾನು ಬೀದಿಗೆಲ್ಲ ಹೇಳಿಕೊಂಡು ಬಂದೆ. ಸಂಜೆಯ ಹೊತ್ತಿಗೆ ಮಿಷನ್ನು ವಾಪಸ್ಸು. ಜೊತೆಗೊಂದು ಮಾತು: “ನನಗೂ ಬೇಡ. ನಾನೂ ಪ್ರವಚನ ಕೇಳ್ತೀನಿ.” ನಾನು ಬುಧವಾರ ಬರುತ್ತಿದ್ದೆ, ಅವಳು ಭಾನುವಾರ, ಒಬ್ಬರ ವಿಷಯ ಒಬ್ಬರಿಗೆ ಗೊತ್ತೇ ಇರಲಿಲ್ಲ. ಬಿಡುವುದರಲ್ಲಿ ಅವಳಿಗಿಂತ ನಾನೇನು ಕಡಿಮೆ? ಮತ್ತೆ ಕಳಿಸಿದೆ. ಮತ್ತೆ ಬಂತು. ಯಜಮಾನರು ಹೇಳಿದರು, “ವೈರಾಗ್ಯ ನಿಮ್ಮಿಬ್ಬರದು, ಸೊಂಟ ನನ್ನದು.”

ಕೊನೆಗೆ ಇಬ್ಬರೂ ಭಂತೇಜಿಯವರ ಮುಂದೆ ಕೂತೆವು, ಮುಖ ತಿರುಗಿಸಿಕೊಂಡೇ. ಅವರು ನಕ್ಕುಬಿಟ್ಟರು. “ಮೊದಲು ಬೇಕು ಅಂತ ಜಗಳ, ಈಗ ಬೇಡ ಅಂತ ಜಗಳ. ಬಿಟ್ಟಿದ್ದು ಏನಮ್ಮ? ಅದಿರಲಿ, ಮಿಷನ್ನು ಈಗ ಹೊಲಿಯುತ್ತಾ?”

ಇಬ್ಬರಿಗೂ ಗೊತ್ತಿರಲಿಲ್ಲ.

ಅಕ್ಕ ನನ್ನ ಜೊತೆಗೇ ಮನೆಗೆ ಬಂದಳು. ನೋಡಿದರೆ ಬೆಲ್ಟು ಸೀಳಿತ್ತು, ಒಳಗೆ ತುಕ್ಕು. ಅವಳು ಬಿಚ್ಚಿದಳು, ನಾನು ಎಣ್ಣೆ ಬಿಟ್ಟೆ. ಹೊಸ ಬೆಲ್ಟು ಹಾಕಿ ಅವಳು ತುಳಿದಾಗ ಅದೇ ಹಳೇ ಸದ್ದು ಬಂತು ನೋಡಿ, ಅಮ್ಮ ಪಕ್ಕದಲ್ಲೇ ಕೂತ ಹಾಗಾಯಿತು. ಅಕ್ಕ ಕಾಲು ನಿಲ್ಲಿಸಿ, “ನನಗೆ ಬೇಕಾಗಿದ್ದು ಮಿಷನ್ ಅಲ್ಲ ಕಣೇ” ಅಂದಳು. “ನನಗೂ” ಅಂದೆ. ಅಮ್ಮ ಹೋದಾಗ ಬೇರೆ ಬೇರೆ ಮೂಲೆಯಲ್ಲಿ ಅತ್ತಿದ್ದವರು ಅಂದು ಒಟ್ಟಿಗೆ ಅತ್ತೆವು.

ಕಳೆದ ತಿಂಗಳು, ಗಾರ್ಮೆಂಟ್ಸ್ ಮುಚ್ಚಿ ಕೆಲಸ ಕಳೆದುಕೊಂಡ ಒಬ್ಬ ಹೆಂಗಸಿಗೆ ಅದನ್ನು ಕೊಟ್ಟೆವು. ಆಸೆ ಪೂರ್ತಿ ಹೋಯಿತೇ? ಸುಳ್ಳು ಹೇಳಲಾರೆ. ಮಿಷನ್ನು ಹೇರಿಕೊಂಡ ಗಾಡಿ ತಿರುವು ದಾಟುವವರೆಗೂ ಅಕ್ಕ ನನ್ನ ಕೈ ಬಿಡಲಿಲ್ಲ. ಆಮೇಲೆ ಕೇಳಿದಳು, “ಆಗಾಗ ಎಣ್ಣೆ ಬಿಡೋಕೆ ಹೇಳಿದ್ಯಾ?”

“ಹೇಳ್ದೆ.”

“ಸರಿ ಹಾಗಾದ್ರೆ. ಬಾ, ಟೀ ಕುಡಿಯೋಣ.”

ಕರೆದು ನಿಲ್ಲಿಸಿದ ಸಮಿತಿಯವರಿಗೂ, ಕೂತು ಕೇಳಿದ ನಿಮಗೂ ಧನ್ಯವಾದ. ಇನ್ನು ಈ ಮೈಕಿನ ಆಸೆಯನ್ನೂ ಬಿಡುತ್ತೇನೆ. ನಮಸ್ಕಾರ.