ಖರಾಬ್ ಪೀಸ್

ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಪದ್ಮಜಾ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನೇಸರಗಿಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ಕೂತಿದ್ದ ನಡುವಯಸ್ಸು ದಾಟಿದ ಅಕ್ಕ-ತಮ್ಮ ಈಗಷ್ಟೇ ಕೊಂಡ ವೈರಿನ ಇಯರ್‌ಫೋನನ್ನು ಪರೀಕ್ಷಿಸುತ್ತಿದ್ದರು.

"ಯಕ್ಕಾ, ಇದು ಖರಾಬ್ ಪೀಸ್ ಐತಿ. ವಾಪಸ್ ಕೊಟ್ಟು ಬರತೇನಿ."

"ಯಾಕೋ ಸೋಮಾ? ಅಂಗಡ್ಯಾಗ ಚಲೋ ಐತಿ ಅಂದಿದ್ದಿಯಲ್ಲಾ?"

"ಅಲ್ಲಿ ಅಂಗಡಿಯಂವ ಸಿನಿಮಾ ಹಾಡು ಹಚ್ಚಿದ್ದ. ಅವ್ವನ ಹಾಡು ಹಚ್ಚಿದ್ರ ಹಿಂದ ಗರಗರ ಅಂತೈತಿ."

"ಮಾಮಾ ಟೇಪಿನ್ಯಾಗ ತುಂಬಿದ್ದನಲ್ಲ, ಅದಾ?"

"ಅದ. ಮೊಬೈಲಿಗೆ ಹಾಕಿಸ್ಕೊಂಡು ಬರೇ ಸ್ಪೀಕರಿನ್ಯಾಗ ಇಷ್ಟು ವರ್ಷ ಕೇಳೇನಿ, ಒಂದಿನಾನೂ ಗರಗರ ಇಲ್ಲ."

"ತಾ ಇಲ್ಲಿ."

ಅಕ್ಕ ಒಂದು ತುದಿಯನ್ನು ಕಿವಿಗೆ ಸಿಕ್ಕಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಅವಳ ಬಲಗೈ ಮೊಣಕಾಲ ಮೇಲೆ ತಾನಾಗಿಯೇ ಗುಂಡಗೆ ತಿರುಗತೊಡಗಿತು. ಪದ್ಮಜಾ ತನ್ನ ಕಿವಿಯಲ್ಲಿದ್ದ ಇಯರ್‌ಫೋನನ್ನು ಮೆಲ್ಲಗೆ ತೆಗೆದಳು.

"ಹುಚ್ಚಪ್ಪಾ, ಅದು ಬೀಸೂಕಲ್ಲೋ! ಅವ್ವ ಜ್ವಾಳಾ ಬೀಸ್ಕೋತ ಹಾಡಿದ್ಲು. ಎದುರಿಗೆ ಕುಂತು ನಾನೂ ಕೈ ಹಚ್ಚಿದ್ದೆ. ನೀ ಅಕಿ ತೊಡಿ ಮ್ಯಾಲ ಮಲಗಿದ್ದಿ."

ತಮ್ಮ ಇನ್ನೊಂದು ತುದಿಯನ್ನು ಕಿವಿಗಿಟ್ಟುಕೊಂಡ.

"ಹಂಗಾರ... ವಾಪಸ್ ಕೊಡೂದು?"

"ಸುಮ್ನ ಕುಂದ್ರು. ಹಿಟ್ಟು ಇನ್ನೂ ಆಗಿಲ್ಲ."

ಅವರ ಸವದತ್ತಿ ಬಸ್ಸು ಬಂತು. ವೈರು ಜಗ್ಗದ ಹಾಗೆ ಇಬ್ಬರೂ ಹೆಜ್ಜೆಗೆ ಹೆಜ್ಜೆ ಕೂಡಿಸಿ ಬಾಗಿಲತ್ತ ನಡೆದರು.