ಬರ್ತೀನಿ ಅಂದಿದ್ದಕ್ಕೆ

ದೆವ್ವದ ಕತೆ ಅಂದರೆ ಒಂದು ಆಲದ ಮರ ಇರಬೇಕು, ಇಲ್ಲವಾದರೆ ಹಾಳು ಬಾವಿಯಾದರೂ ಇರಬೇಕು. ಇದರಲ್ಲಿ ಎರಡೂ ಇಲ್ಲ. ಇರೋದು ಒಂದು ಬೆಂಚು. ನಗಬೇಡಿ... ಮೊದಲು ಕೇಳಿದಾಗ ನಾನೂ ನಕ್ಕವಳೇ. ಆ ಕಿಟಕಿ ಸ್ವಲ್ಪ ಮುಂದಕ್ಕೆ ಹಾಕಿ ಹತ್ತಿರ ಬನ್ನಿ, ಇದು ಜೋರಾಗಿ ಹೇಳೋ ಕತೆಯಲ್ಲ. ಊರವರ ಬಾಯಿಂದ ಬಂದ ಸುದ್ದಿಯೂ ಅಲ್ಲ. ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು.

ಅವಳನ್ನು ಎಲ್ಲರೂ ಬಾಣದಕ್ಕ ಅಂತಲೇ ಕರೆಯೋದು. ಮಾತು ಚುಚ್ಚುತ್ತದೆ ಅಂತಲ್ಲ, ಅದೂ ಸ್ವಲ್ಪ ಹೌದು ಅನ್ನಿ, ಆದರೆ ಅವಳ ಕೆಲಸವೇ ಬಾಣ ಬರೆಯೋದು. ಕೆರೆದಂಡೆಯ ಕಾಲುದಾರಿಯಲ್ಲಿ, ಕಲ್ಲುಗಳ ಮೇಲೆ, ಹಳದಿ ಬಣ್ಣದ ಬಾಣ. ಹೆಸರಿಗೆ ಕೆರೆ, ಆಚೆ ದಡ ಕಾಣಬೇಕಾದರೆ ಆಕಾಶ ತೊಳೆದಿಟ್ಟಂತಿರಬೇಕು. ಈಚೆ ದಡದುದ್ದಕ್ಕೂ ಸುಣ್ಣದಕಲ್ಲಿನ ಬಂಡೆ, ಗೋಡೆ ಎಬ್ಬಿಸಿದ ಹಾಗೆ ನೆಟ್ಟಗೆ ನಿಂತಿದೆ. ಆ ಗೋಡೆಗೂ ನೀರಿಗೂ ನಡುವೆ ದಾರಿ. ರಜೆ ಬಂತೆಂದರೆ ಜನ ಬೂಟು ಬಿಗಿದುಕೊಂಡು ಅಲ್ಲಿಗೆ ನಡೆಯೋಕೆ ಹೋಗುತ್ತಾರೆ. ಶುರುವಿನಲ್ಲೇ ಬೋರ್ಡಿದೆ: 'ಸುಲಭ ದಾರಿ. ಮಕ್ಕಳೂ ವಯಸ್ಸಾದವರೂ ನಡೆಯಬಹುದು.' ಸುಳ್ಳಲ್ಲ. ಒಂದು ಕಡೆ ಕಲ್ಲು, ಒಂದು ಕಡೆ ನೀರು. ಬೇಕೆಂದರೂ ದಾರಿ ತಪ್ಪೋಕೆ ಅಲ್ಲಿ ಜಾಗ ಇಲ್ಲ.

"ಹಾಗಾದರೆ ಬಾಣ ಯಾಕೆ ಬೇಕು?" ಅಂತ ಒಮ್ಮೆ ಕೇಳಿದ್ದೆ.

"ದಾರಿ ಗೊತ್ತಿದ್ದರೂ ಜನಕ್ಕೆ ಯಾರಾದರೂ 'ಹೌದು, ಇದೇ' ಅನ್ನಬೇಕು ಕಣೆ," ಅಂದಿದ್ದಳು. "ಅದಕ್ಕೇ ನನಗೆ ಸಂಬಳ."

ಆವತ್ತು ಹೆರಿಗೆಯಾದ ಮೇಲೆ ಅವಳು ಕೆಲಸಕ್ಕೆ ಹೋದ ಮೊದಲ ದಿನ. ಮಗಳು ಇನ್ನೂ ಎಳೆಗೂಸು, ಎದೆಹಾಲು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಬಾಟಲಿ ಬಾಯಿಗಿಟ್ಟರೆ ಉಗಿದು, ಕೆಂಪಗಾಗಿ, ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತಿತ್ತು. ಅಕ್ಕ ಬೆಳಿಗ್ಗೆ ಕುಡಿಸಿದ್ದಳು, ಮಧ್ಯಾಹ್ನ ಊಟದ ಹೊತ್ತಿಗೆ ಮನೆಗೆ ಓಡಿಬಂದು ಕುಡಿಸಿ ಮತ್ತೆ ಹೋಗಿದ್ದಳು. ಭಾವನಿಗೆ ಬೇಕರಿಯಲ್ಲಿ ರಾತ್ರಿ ಪಾಳಿ. ಸಂಜೆ ಇವಳು ಒಳಗೆ ಕಾಲಿಟ್ಟರೆ ಅವನು ಹೊರಗೆ ಕಾಲಿಡಬೇಕು.

"ಕತ್ತಲಾಗೋದರೊಳಗೆ ಬಂದುಬಿಡು," ಅಂದಿದ್ದ ಭಾವ. "ಆಗದಿದ್ದರೆ ಅರ್ಧ ನಾಳೆಗಿಡು."

"ಅರ್ಧ ಬಾಣ ಯಾರಾದರೂ ಬರೀತಾರಾ?" ಅಂದಿದ್ದಳು ಅಕ್ಕ.

ಹಟಮಾರಿ. ಕೊನೆಯ ಕಲ್ಲಿನ ಮೇಲಿನ ಹಳೇ ಬಣ್ಣವನ್ನು ತಂತಿ ಬ್ರಷ್ಷಿನಿಂದ ಕೆರೆದು ತೆಗೆದು, ಧೂಳು ಒರೆಸಿ, ಹೊಸ ಬಾಣ ಬರೆದು ಮುಗಿಸೋ ಹೊತ್ತಿಗೆ ಸೂರ್ಯ ಬಂಡೆಯ ಹಿಂದೆ ಇಳಿದಾಗಿತ್ತು. ಬಂಡೆಯ ಬುಡದಲ್ಲಿ ಸಂಜೆ ಅನ್ನೋದೇ ಇಲ್ಲ, ಹಗಲು ಮುಗಿದರೆ ನೇರ ಕತ್ತಲು. ಎದೆಯಲ್ಲಿ ಹಾಲು ಕಟ್ಟಿಕೊಂಡು ಬಿಗಿಯುತ್ತಿತ್ತು. ಬಣ್ಣದ ಡಬ್ಬದ ಮುಚ್ಚಳ ಒತ್ತಿ, ಟಾರ್ಚ್ ಹಾಕಿಕೊಂಡು ಹೊರಟಳು.

ಆ ದಾರಿಯಲ್ಲಿ ಕತ್ತಲಾದ ಮೇಲೆ ಎರಡೇ ಸದ್ದು. ಡಬ್ಬದ ಹಿಡಿ... ಕೀಂ... ಕೀಂ... ಮತ್ತೆ ಬಂಡೆಯ ಬುಡದಲ್ಲಿ ನೀರು ಕೊರೆದ ಪೊಟರೆಗಳಿವೆಯಲ್ಲ, ಅಲೆ ಅದರೊಳಗೆ ನುಗ್ಗಿ ಹೊರಗೆ ಬರುವಾಗ... ಗುಳುಕ್... ಗುಳುಕ್... ಯಾರೋ ಬಾಯಿ ಮುಕ್ಕಳಿಸಿದ ಹಾಗೆ. ಅವಳಿಗೆ ಅದೇನೂ ಹೊಸದಲ್ಲ.

ತಿರುವಿನಲ್ಲಿ ಬೆಂಚು. ಬೆಂಚಿನ ಮೇಲೆ ಒಬ್ಬ ಮನುಷ್ಯ. ವಯಸ್ಸಾದವನು, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಟೋಪಿ ತೊಡೆಯ ಮೇಲಿಟ್ಟುಕೊಂಡು, ಸರಿಯಾಗಿ ಮಧ್ಯದಲ್ಲಿ ಕೂತಿದ್ದ. ಅಕ್ಕನಿಗೆ ಭಯವೇನೂ ಆಗಲಿಲ್ಲ. ನಡೆದು ಸುಸ್ತಾದವರು ಕೂರಲಿ ಅಂತಲೇ ಅಲ್ಲವೇ ಬೆಂಚು ಹಾಕಿರೋದು.

"ಕೆಲಸ ಮುಗೀತೇನಮ್ಮಾ?" ಮೆಲ್ಲಗೆ ಕೇಳಿದ.

"ಮುಗೀತು."

"ಒಬ್ಬಳೇನಾ?"

"ಹೂಂ. ಮನೇಲಿ ಕೂಸಿದೆ, ತಡವಾಯ್ತು. ಬರ್ತೀನಿ."

ಹೊರಡುವಾಗ ನಾವೆಲ್ಲ ಹೇಳೋದೇ ಅದು. ಅಂಗಡಿಯಿಂದ ಹೊರಟರೂ ಬರ್ತೀನಿ, ಆಸ್ಪತ್ರೆಯಿಂದ ಹೊರಟರೂ ಬರ್ತೀನಿ. ಎದುರಿಗಿದ್ದವರು 'ಆಯ್ತು, ಹೋಗಿ ಬಾ' ಅನ್ನಬೇಕು, ಅಲ್ಲಿಗೆ ಮುಗೀತು. ಅವನು ಹಾಗನ್ನಲಿಲ್ಲ.

"ಬಾ," ಅಂದ. ಅಷ್ಟೇ.

ಕಿವಿ ಮಂದ ಇರಬೇಕು ಅಂದುಕೊಂಡು ಅಕ್ಕ ನಡೆದಳು. ಬಾಣ... ಮುಂದೆ ಇನ್ನೊಂದು ಬಾಣ... ಟಾರ್ಚಿನ ಬೆಳಕಿಗೆ ಹೊಸ ಬಣ್ಣ ಹೊಳೆಯುತ್ತಿತ್ತು. ಕೀಂ... ಕೀಂ... ಗುಳುಕ್... ತಿರುವು ಬಂತು. ತಿರುವಿನಲ್ಲಿ ಬೆಂಚು.

ಆ ದಾರಿಯ ಬೆಂಚುಗಳಿಗೆಲ್ಲ ಬಣ್ಣ ಬಳಿದವಳು ಅವಳು. ಅಲ್ಲಿಂದ ಬೋರ್ಡಿನವರೆಗೆ ಇನ್ನೊಂದು ಬೆಂಚಿಲ್ಲ ಅನ್ನೋದು ಅವಳಿಗೆ ಗೊತ್ತು. ಅದರ ಮೇಲೆ ಅದೇ ಕೋಟು, ಅದೇ ಟೋಪಿ. ಈ ಸಲ ಮಾತ್ರ ಮಧ್ಯದಲ್ಲಿ ಕೂತಿರಲಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿದಿದ್ದ.

"ಬಂದೆಯಾ?" ಅಂದ.

"ಇಲ್ಲ... ನಾನು... ಏನೋ ಗೊಂದಲ ಆಯ್ತು. ಬರ್ತೀನಿ."

"ಬಾ."

ಈಗ ಓಡುನಡಿಗೆ. ಮೊದಲ ಬಾಣ ಸಿಕ್ಕಿದ ಕೂಡಲೇ ಒಂದು ಉಪಾಯ ಮಾಡಿದಳು. ಹಸಿ ಬಣ್ಣದ ಮೇಲೆ ಹೆಬ್ಬೆರಳು ಒತ್ತಿ ಅಡ್ಡಕ್ಕೆ ಎಳೆದಳು. ತನ್ನ ಕೆಲಸವನ್ನು ತಾನೇ ಕೆಡಿಸಿದ್ದು ಜನ್ಮದಲ್ಲಿ ಅದೇ ಮೊದಲು. ಆಮೇಲೆ ನಡೆದಳು, ನಡೆದಳು... ಬೆಂಚು ಬರುವ ಮೊದಲೇ ಟಾರ್ಚಿನ ಬೆಳಕಿಗೆ ಆ ಬಾಣ ಸಿಕ್ಕಿತು. ಅಡ್ಡಕ್ಕೆ ಎಳೆದ ಹೆಬ್ಬೆರಳ ಗುರುತು ಹಾಗೇ ಇತ್ತು, ಇನ್ನೂ ಹಸಿಯಾಗಿ.

ಅಕ್ಕ ತಿರುಗಿ ಬಂದ ದಾರಿಯಲ್ಲೇ ಓಡಿದಳು. ಬೆಂಚು ಆ ಕಡೆಯಿಂದಲೂ ಬಂತು. ಅವನು ಇನ್ನಷ್ಟು ಸರಿದಿದ್ದ. ಮಾತಾಡಿಸದೆ ದಾಟಿಹೋಗೋಣ ಅಂದುಕೊಂಡವಳು, ನೋಡಿ ಹಾಳು ಅಭ್ಯಾಸವನ್ನ, ದೊಡ್ಡವರ ಮುಂದೆ ಸುಮ್ಮನೆ ಹೋಗೋದು ಹೇಗೆ ಅಂತ ಬಾಯಿ ತಾನಾಗಿಯೇ ಗೊಣಗಿತು, "ಬರ್ತೀನಿ..."

"ಬಾ."

ಫೋನಿಗೆ ಆ ಬಂಡೆಯ ಬುಡದಲ್ಲಿ ಯಾವತ್ತೂ ಸಿಗ್ನಲ್ ಸಿಗೋದಿಲ್ಲ. ನೀರಿಗಾದರೂ ಇಳಿದು ಬಳಸಿಕೊಂಡು ಹೋಗೋಣವೆಂದು ಒಂದು ಕಾಲಿಟ್ಟಳು, ತಳ ಸಿಗಲಿಲ್ಲ. ಬಂಡೆ ಹತ್ತೋಕೆ ನೋಡಿದಳು. ಹಿಡಿದಲ್ಲೆಲ್ಲ ಸುಣ್ಣದಕಲ್ಲು ಪುಡಿಯಾಗಿ ಕೈಗೆ ಬಂತು, ಚರಚರ ಜಾರಿ ಮೊಣಕಾಲು ತರಚಿ ಕೆಳಗೆ ಬಿದ್ದಳು. ಕೊನೆಗೆ ಗಂಟಲು ಹರಿಯುವಂತೆ ಕೂಗಿದಳು, "ಯಾರಾದ್ರೂ ಇದೀರಾ?"

ಬಂಡೆ ವಾಪಸು ಕೇಳಿತು... ಇದೀರಾ... ಇದೀರಾ...

ರವಿಕೆ ಮುಂದೆ ಒದ್ದೆಯಾಗಿತ್ತು. ಹಾಲು ತಾನಾಗಿ ಸೋರುತ್ತಿತ್ತು, ಆದರೂ ಎದೆ ಕಲ್ಲಿನ ಹಾಗೆ ಗಟ್ಟಿ, ಕೈ ತಾಗಿದರೆ ಪ್ರಾಣ ಹೋಗುವಷ್ಟು ನೋವು. ಹೆತ್ತವರಿಗೆ ಗೊತ್ತು, ಹಾಗೆ ಸೋರೋದು ಕೂಸು ಅಳುವಾಗ. ಅಳು ಕೇಳಿಸಲೂ ಕೇಳಿಸಿತು. ಮನೆಯ ದಿಕ್ಕಿನಿಂದಲ್ಲ... ಬಂಡೆಯ ಒಳಗಿನಿಂದ, ಗೋಡೆಯಾಚೆಯ ಕೋಣೆಯಲ್ಲಿ ಅತ್ತ ಹಾಗೆ. ಅವಳು ಕಲ್ಲಿಗೆ ಕಿವಿಯಿಟ್ಟಳು. ತನ್ನ ಮಗಳದೇ ಅಳು. ಬಾಟಲಿ ಉಗಿಯುವಾಗ ಅಳುತ್ತದಲ್ಲ, ಅದೇ ಅಳು.

ಬೆಂಚಿನ ಹತ್ತಿರ ಬಂದು ನಿಂತಳು. ಅವನು ಈಗ ತೀರಾ ತುದಿಗೆ ಸರಿದು ಕೂತಿದ್ದ. ಪಕ್ಕದಲ್ಲಿ ಒಬ್ಬರು ಆರಾಮಾಗಿ ಕೂರುವಷ್ಟು ಜಾಗ.

"ಹಸಿದಿದೆ," ಅಂದ. ಕೊಂಕು ಇಲ್ಲ, ಗದರಿಕೆ ಇಲ್ಲ, ಪಕ್ಕದ ಮನೆಯವರು ಹೇಳುವ ಹಾಗೆ.

"ನಿಮ್ಮ ಕಾಲಿಗೆ ಬೀಳ್ತೀನಿ," ಅಂದಳು ಅಕ್ಕ. "ನನ್ನ ಬಿಟ್ಟುಬಿಡಿ. ಅದಕ್ಕೆ ನನ್ನ ಬಿಟ್ಟರೆ ಬೇರೆ ಗತಿಯಿಲ್ಲ."

"ನಾನೆಲ್ಲಮ್ಮಾ ಹಿಡ್ಕೊಂಡಿದೀನಿ?" ಅವನಿಗೆ ನಿಜವಾಗಿಯೂ ಬೇಜಾರಾಗಿತ್ತಂತೆ. "ನೀನೇ ಬರ್ತೀನಿ ಅಂತೀಯ. ನಾನು ಬಾ ಅಂತೀನಿ. ಬರ್ತೀಯ."

ಗುಳುಕ್... ಗುಳುಕ್...

"ಹಗಲೆಲ್ಲ ಎಷ್ಟೊಂದು ಜನ ಹೇಳ್ತಾರೆ," ಅಂದ ಅವನು, ಟೋಪಿಯ ಅಂಚು ಸವರುತ್ತ. "ಬರ್ತೀವಿ ಯಜಮಾನರೇ, ಬರ್ತೀವಿ ತಾತ. ಒಬ್ಬರೂ ಬರಲ್ಲ. ಹಗಲಿನ ಮಾತು ಅಷ್ಟೇ, ಬಿಡು. ನೀನು ಕತ್ತಲಾದ ಮೇಲೆ ಹೇಳಿದೆ." ಪಕ್ಕದ ಜಾಗವನ್ನು ಅಂಗೈಯಿಂದ ಮೆಲ್ಲಗೆ ತಟ್ಟಿದ... ಟಪ್... ಟಪ್. "ಕೂತ್ಕೋ. ನಿಂತು ನಿಂತು ಕಾಲು ನೋಯುತ್ತೆ."

ಅವಳ ಕಾಲು ನಿಜವಾಗಿಯೂ ನೋಯುತ್ತಿತ್ತು. ಕೂತುಬಿಡೋಣ ಅನ್ನಿಸಿತಂತೆ. ಇದನ್ನು ಮಾತ್ರ ಅವಳು ಯಾರಿಗೂ ಹೇಳಿಲ್ಲ, ನನ್ನೊಬ್ಬಳಿಗೆ ಹೇಳಿದ್ದು. ಕೂತರೆ ಎದೆಯ ನೋವು ನಿಲ್ಲುತ್ತದೆ, ಅಳು ಕೇಳೋದೂ ನಿಲ್ಲುತ್ತದೆ ಅಂತ ಅವಳಿಗೆ ಹೇಗೋ ಗೊತ್ತಿತ್ತು. ಅದು ಗೊತ್ತಾದದ್ದರಿಂದಲೇ ಕೂರಲಿಲ್ಲ.

ಏನು ಹೇಳಬೇಕು ಅನ್ನೋದು ಹೊಳೆದಿತ್ತು, ಆದರೆ ನಾಲಿಗೆ ಏಳಬೇಕಲ್ಲ. ಚಿಕ್ಕವರಿದ್ದಾಗ ನಮ್ಮಲ್ಲಿ ಯಾರಾದರೂ 'ಹೋಗ್ತೀನಿ' ಅಂದರೆ ದೊಡ್ಡಮ್ಮ ಬಾಯಿ ಮೇಲೆ ಒಂದು ಕೊಡುತ್ತಿದ್ದಳು. ಹಾಗಂತ ಹೊರಟವರು ಮನೆ ಸೇರೋದಿಲ್ಲ, ಅದು ಸಾಯೋರು ಆಡೋ ಮಾತು ಅಂತ. ಆ ಪೆಟ್ಟು ತಿಂದು ಬೆಳೆದ ಬಾಯಿ ಅದು. ಅಕ್ಕ ಎರಡೂ ಕೈಯಲ್ಲಿ ಎದೆ ಅವುಚಿಕೊಂಡು, ಕಣ್ಣು ಮುಚ್ಚಿಕೊಂಡು ಹೇಳಿದಳು.

"ಹೋಗ್ತೀನಿ."

ಟಪ್... ಟಪ್... ಅವನು ಮತ್ತೆ ಪಕ್ಕದ ಜಾಗ ತಟ್ಟಿದ ಸದ್ದು.

"ಹೋಗ್ತೀನಿ. ಮತ್ತೆ ಬರಲ್ಲ."

ನೀರಿನ ಸದ್ದು ನಿಂತಿತು. ಆಮೇಲೆ ಬೆಂಚಿನ ಹಲಗೆ ಕಿರ್ ಅಂದಿತು. ಅವನು ಮಧ್ಯಕ್ಕೆ ಸರಿದು ಕೂತಿರಬೇಕು.

"ಹೋಗು," ಅಂದ.

ಕಣ್ಣು ಬಿಟ್ಟು ನೋಡುವ ಧೈರ್ಯ ಯಾರಿಗಿದೆ. ಡಬ್ಬ ಅಲ್ಲೇ ಬಿಟ್ಟು, ಒಂದು ಕೈ ಕಲ್ಲಿಗೆ ತಾಗಿಸಿಕೊಂಡು ಕುರುಡಿಯ ಹಾಗೆ ನಡೆದಳು. ಅಂಗೈಗೆ ಬೋರ್ಡಿನ ತಗಡು ತಣ್ಣಗೆ ತಗುಲಿದಾಗಲೇ ಕಣ್ಣು ತೆರೆದದ್ದು. ರಸ್ತೆ... ದೀಪ... ಒಂದು ಸೈಕಲ್ಲು. ಅಲ್ಲಿಂದ ಮನೆಯವರೆಗೂ ಓಟ.

ಭಾವ ಬಾಗಿಲಲ್ಲೇ ನಿಂತಿದ್ದ, ಬ್ಯಾಗು ಹೆಗಲಲ್ಲಿ, ಮುಖ ಊದಿಕೊಂಡು. ನಮ್ಮದು ಪಕ್ಕದ ಮನೆ; ಮುಂದಿನದನ್ನು ನಾನೇ ಕಿಟಕಿಯಿಂದ ಕೇಳಿದೆ.

"ಮತ್ತೆ ಎಲ್ಲಿಗೆ ಹೋಗಿದ್ದೆ?" ಅಂದ.

"ಮತ್ತೆ?" ಅಂದಳು ಅಕ್ಕ, ಏದುಸಿರು ಬಿಡುತ್ತ.

"ಬಂದೆ, ಮಾತಿಲ್ಲ ಕತೆಯಿಲ್ಲ ಮಗೂನ ಎತ್ಕೊಂಡು ಕುಡಿಸಿದೆ, ಮಲಗಿಸಿದೆ. ಅಯ್ಯಪ್ಪ ಅಂತ ನಾನು ಶೂ ಹಾಕ್ಕೊಳ್ತಾ ಇದ್ದರೆ 'ಹೋಗ್ತೀನಿ' ಅಂತ ಹೊರಟೇಬಿಟ್ಟೆ. ಕೆಲಸಕ್ಕೆ ಹೊರಟವನ ಮುಂದೆ ಅಂಥ ಮಾತು ಆಡ್ತಾರೇನೇ?"

ಅಕ್ಕ ಒಳಗೆ ಹೋಗಿ ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡು ಎದೆಗೆ ಹಿಡಿದಳು. ಅದು ನಿದ್ದೆಗಣ್ಣಲ್ಲೇ ಮುಖ ತಿರುಗಿಸಿತು. ಮತ್ತೆ ಹಿಡಿದಳು. ಒಂದು ತೇಗು ತೇಗಿ, ತುಟಿ ಬಿಗಿದುಕೊಂಡು ಮಲಗಿತು. ಹೊಟ್ಟೆ ಮುಟ್ಟಿದರೆ ತುಂಬಿ ಗುಂಡಗಿತ್ತು. ಅಕ್ಕ ಅಲ್ಲೇ ಕುಸಿದು ಕೂತು ಅಳೋಕೆ ಶುರುಮಾಡಿದಳು. ಭಾವ ಹೆದರಿ ನನ್ನನ್ನು ಕೂಗಿ ಕರೆದ, ಇವಳನ್ನು ನೋಡಿಕೋ ಅಂತ ಹೇಳಿ ತಡವಾಗಿಯೇ ಪಾಳಿಗೆ ಹೋದ.

ಅವನು ಕತೆ ಕಟ್ಟುವ ಮನುಷ್ಯನಲ್ಲ, ಹಿಟ್ಟು ನಾದೋದು ಬಿಟ್ಟರೆ ಅವನಿಗೆ ಬೇರೇನೂ ತಿಳಿಯದು. ಅಕ್ಕ ಸುಳ್ಳಿ ಅಂತೀರಾ, ಅನ್ನಿ. ಆದರೆ ಆವತ್ತು ಅವಳಿಗೆ ನೋವು ತಡೆಯೋಕಾಗದೆ, ನಾನೇ ಸ್ಟೀಲ್ ಬಟ್ಟಲು ತಂದುಕೊಟ್ಟೆ, ಅವಳು ನನ್ನೆದುರಿಗೇ ಕೂತು ಹಿಂಡಿಕೊಂಡಳು. ಬಟ್ಟಲು ಅಂಚಿನವರೆಗೆ ತುಂಬಿತು. ಮಧ್ಯಾಹ್ನದಿಂದ ಒಂದು ಹನಿಯೂ ಕೂಸಿನ ಬಾಯಿಗೆ ಹೋಗದ ಹಾಲು. ಅದನ್ನು ಬಚ್ಚಲಿಗೆ ಚೆಲ್ಲಿ, ಬಟ್ಟಲು ತೊಳೆದು ಬೋರಲು ಹಾಕಿದವಳು ನಾನು.