ಒಂದೇ ಒಟ್ಲಿನ ಪೈರು, ಎರಡು ಲೋಟ ನೀರು

ಕಾರ್ಖಾನೆಯವರು ಕೊಡುತ್ತೇವೆ ಎಂದದ್ದು, ಉಪ್ಪುನೀರು ಇಂಗದಂತೆ ಪ್ಲಾಸ್ಟಿಕ್ ಹಾಸಿದ ಹೊಂಡ. ಕೊಟ್ಟದ್ದು, ಹೊಂಡದ ಜಾಗದಲ್ಲಿ ಒಂದು ಬೋರ್ಡು. ನಾಲೆಗೆ ಒಂದು ತೊಟ್ಟೂ ಬಿಡುವುದಿಲ್ಲ ಎಂದರು. ತೊಟ್ಟು ಬಿಡಲಿಲ್ಲ, ಪೈಪು ಬಿಟ್ಟರು. ಗದ್ದೆಗೆ ತೊಂದರೆಯಾದರೆ ಮಾರನೇ ದಿನವೇ ಬಂದು ನೋಡುತ್ತೇವೆ ಎಂದರು ನಾಲೆಯ ಅಧಿಕಾರಿಗಳು. ಬಂದದ್ದು ಕೊಯ್ಲಿನ ಕಾಲಕ್ಕೆ. ಕೊಯ್ಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಪರಿಹಾರ ಕೇಳಿದೆವು. “ಸದರಿ ಗದ್ದೆಗಳಲ್ಲಿ ನೀರು ನಿಂತಿದ್ದು ಕಂಡುಬಂದಿರುವುದರಿಂದ ಬೆಳೆ ಒಣಗಿದೆ ಎಂಬ ದೂರನ್ನು ಒಪ್ಪಲಾಗದು” ಎಂದು ಬರೆದು ಕಳಿಸಿದರು.

ಇಷ್ಟನ್ನು ಮೊದಲು ಹೇಳಿದ್ದೇಕೆಂದರೆ, ಆಮೇಲೆ ಹೇಳುತ್ತೇನೆಂದು ಇಟ್ಟುಕೊಂಡರೆ ಮೈಕು ಆಫ್ ಆಗುವ ಅನುಭವ ನನಗಿದೆ. ಈಗ ಸಂಪ್ರದಾಯಕ್ಕೆ ಬರುತ್ತೇನೆ. ಮಿಡಿಸೌತೆ ಕಾರ್ಖಾನೆಯ ಈ ವಾರ್ಷಿಕೋತ್ಸವದ ಅಧ್ಯಕ್ಷತೆ ವಹಿಸಿರುವ ಮ್ಯಾನೇಜರ್ ಷಡಕ್ಷರಿಯವರೇ, ಮುಖ್ಯ ಅತಿಥಿಗಳಾಗಿ ಬಂದಿರುವ, ನಮ್ಮ ನಾಲೆಯ ಅಧಿಕಾರಿಗಳಾದ ಮಲ್ಲಿಕಾರ್ಜುನಸ್ವಾಮಿಯವರೇ, ನಾನು ಬಾಯಿ ತೆರೆಯುವ ಮೊದಲೇ ‘ಎರಡು ನಿಮಿಷ’ ಎಂಬ ಚೀಟಿ ತಂದಿಟ್ಟಿರುವ ನಿರೂಪಕರಾದ ಉದಯಕುಮಾರ್ ಮೇಷ್ಟ್ರೇ, ಸತ್ತೇಗಾಲದ ಕಡೆಯಿಂದ, ಹನೂರು ಕೌದಳ್ಳಿಯ ಕಡೆಯಿಂದ, ಯಳಂದೂರಿನಿಂದ ಬಸ್ಸು ಹತ್ತಿ ಕೊಳ್ಳೇಗಾಲದ ಈ ಕಲ್ಯಾಣ ಮಂಟಪಕ್ಕೆ ಬಂದು, ಊಟಕ್ಕೆ ಎಲೆ ಯಾವಾಗ ಹಾಕುತ್ತಾರೆಂದು ಕಾಯುತ್ತಿರುವ ಸಭಿಕರೇ, ಎಲ್ಲರಿಗೂ ಶರಣು.

ನಾನು ಶಿವರತ್ನಮ್ಮ. ನಾಲೆಯ ಕೊನೆಯ ಊರಿನವಳು. ಮದುವೆಯಾಗಿ ಬಂದ ವರ್ಷವೇ ಹಸಿರು ಟವೆಲ್ಲು ಹೆಗಲಿಗೆ ಹಾಕಿದವಳು. ರೈತ ಶಿಬಿರದ ನೆಲದ ಮೇಲೆ ಕುಳಿತು ಮಾತು ಕಲಿತವಳು. ಈಗ ನನಗೆ ‘ಪ್ರಗತಿಪರ ರೈತ ಮಹಿಳೆ’ ಎಂದು ಶಾಲು ಹೊದಿಸಿದ್ದಾರೆ. ಕಾರ್ಖಾನೆಯವರಿಗೆ ಕೃತಜ್ಞತೆ ಹೇಳುತ್ತೇನೆ. ಆದರೆ ಶಾಲು ಹೊದಿಸಿರುವುದು ನನ್ನ ಹೆಗಲಿಗೆ. ಬಾಯಿ ತೆರೆದೇ ಇದೆ.

ಮಾನ್ಯರೇ, ಈ ಮೇಜಿನ ಮೇಲೆ ಎರಡು ಗಾಜಿನ ಲೋಟಗಳಿವೆ, ನೋಡಿದಿರಾ? ಬೆಳಿಗ್ಗೆ ನಾನೇ ತಂದುಕೊಟ್ಟೆ. ಮೇಷ್ಟ್ರು ಹೂದಾನಿಯೆಂದುಕೊಂಡು ಸಂತೋಷಪಟ್ಟು ಹಾರಗಳ ಪಕ್ಕದಲ್ಲಿಟ್ಟರು. ಎರಡರಲ್ಲೂ ಇರುವುದು ಭತ್ತದ ಪೈರು. ನಾಟಿಗೆಂದು ನಮ್ಮ ಒಟ್ಲಿನಲ್ಲಿ, ಅಂದರೆ ಸಸಿಮಡಿಯಲ್ಲಿ ಬೆಳೆಸಿದ್ದು, ಒಂದೇ ಮಡಿಯಿಂದ, ಒಂದೇ ಹಿಡಿಯಲ್ಲಿ ಕಿತ್ತದ್ದು. ಬಲಗಡೆಯ ಲೋಟದಲ್ಲಿ ಸತ್ತೇಗಾಲದ ಹತ್ತಿರ ತುಂಬಿಕೊಂಡು ಬಂದ ಹೊಳೆಯ ನೀರು. ಎಡಗಡೆಯದರಲ್ಲಿ ಕಾರ್ಖಾನೆಯ ಪೈಪಿನ ಬಾಯಿಯಲ್ಲಿ ನಿನ್ನೆ ಸಾಯಂಕಾಲ ಹಿಡಿದ ನೀರು. ದೀಪ ಬೆಳಗಿದಾಗ ಎರಡೂ ನೆಟ್ಟಗೆ ನಿಂತಿದ್ದವು. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು, ಷಡಕ್ಷರಿಯವರು ಕಾರ್ಖಾನೆಯ ಸಾಧನೆಯನ್ನು ಸವಿಸ್ತಾರವಾಗಿ ಹೇಳಿದರು. ಅವರಿಗೆ ನನ್ನ ವಿಶೇಷ ವಂದನೆ. ಅವರು ಮಾತಾಡಿದಷ್ಟು ಹೊತ್ತೂ ಆ ನೀರು ನನ್ನ ಕೆಲಸ ಮಾಡುತ್ತಿತ್ತು. ಎಡಗಡೆಯ ಎಲೆಗಳನ್ನು ನೋಡಿ. ತುದಿ ಸುರುಳಿ ಸುತ್ತುತ್ತಿಲ್ಲವೇ?

ಷಡಕ್ಷರಿಯವರು ತಲೆ ಅಲ್ಲಾಡಿಸುತ್ತಿದ್ದಾರೆ. ನಾನು ಏನೋ ಔಷಧಿ ಬೆರೆಸಿದ್ದೇನೆಂದೇ? ಪೈಪಿನ ಹತ್ತಿರ ನಿಮ್ಮ ಕಾವಲುಗಾರ ಜಡೇಸ್ವಾಮಿಯೇ ನಿಂತಿದ್ದ. “ಅಮ್ಮೋ, ಕೈ ತೊಳ್ಕಳಿ, ಗಾಯ ಗೀಯ ಇದ್ರೆ ಉರೀತದೆ” ಅಂದ. ಅಯ್ಯೋ, ಹೆಸರು ಹೇಳಬಾರದಿತ್ತು. ಹೇಳಿಬಿಟ್ಟೆ. ಸಭಿಕರೇ, ನೀವೆಲ್ಲ ಸಾಕ್ಷಿ: ಆ ಹುಡುಗ ಒಬ್ಬ ಹೆಂಗಸಿಗೆ ಕೈ ತೊಳೆಯಲು ಹೇಳಿದನೇ ಹೊರತು ಬೇರೇನೂ ಮಾಡಿಲ್ಲ. ಅವನ ಕೆಲಸಕ್ಕೆ ಕೈ ಹಾಕಿದರೆ ನಾಳೆಯ ಮೆರವಣಿಗೆಗೆ ಇನ್ನೊಂದು ಘೋಷಣೆ ಸೇರುತ್ತದೆ.

ಅನುಮಾನವಿದ್ದರೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಳ್ಳಿ, ಮಲ್ಲಿಕಾರ್ಜುನಸ್ವಾಮಿಯವರೇ. ಬರೀ ಉಪ್ಪು, ವಿಷವಲ್ಲ ಎಂದು ನೀವೇ ಹೇಳಿದ್ದಿರಿ. ಹಾಂ, ಅದ್ದಿದರು! ಮುಖ ನೋಡಿ ಅವರದು! ಅವರಿಗೆ ಒಂದು ಲೋಟ ಒಳ್ಳೆಯ ನೀರು ಕೊಡಿ ಯಾರಾದರೂ.

ಬರೀ ಉಪ್ಪು. ಸರಿ, ಉಪ್ಪಿನ ವಿಷಯವನ್ನೇ ಮಾತಾಡೋಣ. ಹೋದ ವರ್ಷ ನಾಟಿ ಹಾಕಿದೆವು. ಬೇರು ಕಚ್ಚುವ ಹೊತ್ತಿಗೆ ಪೈರಿನ ತುದಿ ಸುತ್ತಿಕೊಂಡಿತು, ಆಮೇಲೆ ಬಿಳಿಚಿಕೊಂಡಿತು. ಗದ್ದೆಯಲ್ಲಿ ಕಣಕಾಲುದ್ದ ನೀರು. ನೀರಿನೊಳಗೆ ಪೈರು ಬಾಯಾರಿ ನಿಂತಿದೆ! ಯಾರಿಗೆ ಹೇಳುವುದು? ಯಾರು ನಂಬುತ್ತಾರೆ? ನಮ್ಮ ಮನೆಯವರು ಬದುವಿನ ಮೇಲೆ ನಿಂತು, “ಒಣಗ್ತಾ ಅದೆ ಕಣಮ್ಮಿ, ನೀರು ಸಾಲ್ದು. ತೂಬ ಇನ್ನೂ ಒಸಿ ಎತ್ತಿಸ್ತೀನಿ” ಅಂದರು. ಎತ್ತಿಸಿದರು. ಕೆಳಗಿನ ಗದ್ದೆಯ ಶಿವನಂಜಯ್ಯ ಓಡಿ ಬಂದ. “ಅಣ್ಣೋ, ನೀವೊಬ್ರೇ ಕುಡ್ಕಂಡ್ರೆ ನಾವೇನ್ ಮಣ್ ತಿನ್ನೋದಾ? ನಮ್ಗೂ ಬುಡಿ!” ಜಗಳವಾಯಿತು. ಗುದ್ದಲಿ ಎತ್ತುವವರೆಗೂ ಹೋಯಿತು. ಯಾವ ನೀರು ಕೊಲ್ಲುತ್ತಿತ್ತೋ ಅದೇ ನೀರಿಗೆ ನಾವು ಸರತಿ ನಿಂತೆವು, ಮಾನ್ಯರೇ! ಕೊಲ್ಲುವವರು ಎಷ್ಟು ನಿಶ್ಚಿಂತೆಯಿಂದ ಇದ್ದರು, ನೋಡಿ.

ನನಗೆ ಇದರ ಗುಟ್ಟು ಹೇಳಿಕೊಟ್ಟವಳು ನನ್ನ ತಂಗಿಯ ಮಗಳು ರಮ್ಯ. ಇಲ್ಲೇ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಾಳೆ. ಒಂದು ದಿನ ಮನೆಗೆ ಬಂದವಳು ಸೌತೆಕಾಯಿ ಹೆಚ್ಚಿ ಉಪ್ಪು ಉದುರಿಸಿದಳು. ತಟ್ಟೆ ತುಂಬ ನೀರು.

“ಇದೇನಮ್ಮಿ ದೊಡ್ಡ ಇದ್ಯೆ? ಉಪ್ಪಾಕುದ್ರೆ ನೀರು ಬುಡ್ತದೆ, ನಂಗೊತ್ತಿಲ್ವಾ?” ಅಂದೆ.

“ಗೊತ್ತು ದೊಡ್ಡವ್ವ. ಯಾಕ್ ಬುಡ್ತದೆ ಅಂತ ಯಾವತ್ತಾರ ಕೇಳಿದ್ಯಾ?”

ಕೇಳಿರಲಿಲ್ಲ. ಸಭಿಕರೇ, ಇಷ್ಟು ವರ್ಷ ಸರ್ಕಾರವನ್ನು ಯಾಕೆ ಯಾಕೆ ಎಂದು ಕೇಳಿದವಳು, ಸೌತೆಕಾಯಿಯನ್ನು ಒಮ್ಮೆಯೂ ಕೇಳಿರಲಿಲ್ಲ!

ಅವಳು ಹೇಳಿದಳು. ಸೌತೆಕಾಯಿಯಾಗಲಿ, ಪೈರಾಗಲಿ, ನಾನಾಗಲಿ, ಈ ಷಡಕ್ಷರಿಯವರಾಗಲಿ, ಎಲ್ಲರೂ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳ ರಾಶಿ. ಒಂದೊಂದು ಕೋಶಕ್ಕೂ ಒಂದು ಪೊರೆ. ಆ ಪೊರೆ ನೀರನ್ನು ಸಲೀಸಾಗಿ ದಾಟಿಸುತ್ತದೆ, ಉಪ್ಪನ್ನು ಅಷ್ಟು ಸುಲಭವಾಗಿ ದಾಟಿಸುವುದಿಲ್ಲ. ಈಗ ಲೆಕ್ಕ ನೋಡಿ. ಹೊರಗಿರುವುದು ಒಳ್ಳೆಯ ನೀರಾದರೆ, ಬೇರಿನ ಕೋಶದೊಳಗಿನ ರಸವೇ ಗಟ್ಟಿ, ನೀರು ತಾನಾಗಿ ಒಳಕ್ಕೆ ಬರುತ್ತದೆ. ಕೋಶ ಉಬ್ಬುತ್ತದೆ, ಪೈರು ಎದೆಯೆತ್ತಿ ನಿಲ್ಲುತ್ತದೆ. ಹೊರಗಿರುವುದು ಉಪ್ಪುನೀರಾದರೆ? ಹೊರಗಿನದೇ ಗಟ್ಟಿ. ಒಳಗಿನ ನೀರೇ ಹೊರಕ್ಕೆ ಹರಿಯುತ್ತದೆ! ಬೇರು ಕುಡಿಯುವುದಿಲ್ಲ, ಬೇರನ್ನೇ ನೀರು ಕುಡಿಯುತ್ತದೆ! ಇದಕ್ಕೆ ಪುಸ್ತಕದಲ್ಲಿ ಅಭಿಸರಣೆ ಎನ್ನುತ್ತಾರಂತೆ. ಅವಳು ಹೇಳುತ್ತಿದ್ದಂತೆ ನಾನು ಎದ್ದು ನಿಂತುಬಿಟ್ಟೆ. ಒಲೆಯ ಮೇಲಿನ ಸಾರು ಉಕ್ಕಿ ಹೋಯಿತು. ಒಂದು ವರ್ಷ ನಮ್ಮನ್ನು ಸುಳ್ಳುಗಾರರೆಂದ ಕಾಗದಕ್ಕೆ ಒಂದು ತಟ್ಟೆ ಸೌತೆಕಾಯಿ ಉತ್ತರ ಕೊಟ್ಟಿತ್ತು!

ಇದು ಕಾರ್ಖಾನೆಗೆ ಗೊತ್ತಿಲ್ಲವೇ? ಗೊತ್ತಿಲ್ಲವೇ, ಮಾನ್ಯರೇ? ಅವರ ಕಸುಬೇ ಇದು! ಹನೂರಿನ ಹೊಲದಿಂದ ಬಂದ ಎಳೆ ಮಿಡಿಯನ್ನು ಡ್ರಮ್ಮಿನ ಉಪ್ಪುನೀರಿಗೆ ಹಾಕುತ್ತಾರೆ. ಮಿಡಿಯ ನೀರು ಹೊರಗೆ ಬರುತ್ತದೆ, ಅಜ್ಜಿಯ ಬೆರಳಿನ ಹಾಗೆ ಸುಕ್ಕಾಗುತ್ತದೆ, ಕೆಡದೆ ಉಳಿಯುತ್ತದೆ. ಕಳಿಸುವ ಮೊದಲು ಒಳ್ಳೆಯ ನೀರಿಗೆ ಹಾಕುತ್ತಾರೆ, ಮತ್ತೆ ಉಬ್ಬುತ್ತದೆ. ಗೇಟಿನೊಳಗೆ ಅಭಿಸರಣೆ ಇದೆ, ಗೇಟಿನ ಹೊರಗೆ ಇಲ್ಲ ಎನ್ನುತ್ತಾರೆ. ಮಿಡಿಸೌತೆಗೆ ಒಂದು ಕಾನೂನು, ಭತ್ತಕ್ಕೆ ಇನ್ನೊಂದು ಕಾನೂನೇ?

ಮೇಷ್ಟ್ರೇ, ಎರಡನೇ ಚೀಟಿಯೂ ತಲುಪಿತು. ಇದರಲ್ಲಿ ‘ದಯವಿಟ್ಟು’ ಸೇರಿಸಿದ್ದೀರಿ. ಒಳ್ಳೆಯ ಬೆಳವಣಿಗೆ.

ಇನ್ನೊಂದು ಮಾತು. ಹೋದ ವರ್ಷದ ಸಭೆಯಲ್ಲಿ ಷಡಕ್ಷರಿಯವರು ನನಗೆ ಹೇಳಿದ್ದು ನೆನಪಿದೆ. “ನೋಡೀಮ್ಮ, ನಮ್ಮ ಪೈಪಿರೋದು ಎಡದಂಡೇಲಿ, ನಿಮ್ಮ ತೂಬಿರೋದು ಬಲದಂಡೇಲಿ. ನಮಗೂ ನಿಮಗೂ ಏನ್ ಸಂಬಂಧ?” ಆಹಾ! ಉಪ್ಪಿಗೆ ದಂಡೆ ಗೊತ್ತೇನು ಸ್ವಾಮಿ? ಹರಿವ ನೀರು ಕಲಕುತ್ತದೆ, ಅದು ಒಂದು. ಕಲಕದಿದ್ದರೂ ಉಪ್ಪು ಸುಮ್ಮನೆ ಕೂರುವುದಿಲ್ಲ. ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನೇ ಹಬ್ಬುತ್ತದೆ. ಇದು ವಿಸರಣೆ. ಅಡುಗೆಮನೆಯ ಒಗ್ಗರಣೆ ವಾಸನೆ ಈಗ ನಿಮ್ಮ ಮೂಗಿಗೆ ಬರುತ್ತಿದೆಯಲ್ಲ, ಹಾಗೆ. ಅದಕ್ಕೆ ಪಾಸು ಬೇಕೇ?

ಈ ದೇಶದಲ್ಲಿ ಎಲ್ಲವೂ ಹೆಚ್ಚಿರುವಲ್ಲಿಂದ ಕಡಿಮೆ ಇರುವಲ್ಲಿಗೆ ಹೋಗಿದ್ದರೆ ನಮಗೆ ಚಳವಳಿಯೇ ಬೇಕಿರಲಿಲ್ಲ. ನಾನು ರಮ್ಯಳನ್ನು ಕೇಳಿದೆ, “ಇದ್ರ ಉಲ್ಟಾ ಓಗದಾ? ಕಮ್ಮಿ ಇರೋ ಕಡೆಯಿಂದ ಎಚ್ಗೆ ಇರೋ ಕಡೀಗೆ?” ಅವಳು, “ಓಯ್ತದೆ ದೊಡ್ಡವ್ವ, ಪೊರೇಲಿ ಅದ್ಕೂ ಬಾಗ್ಲವೆ. ಆದ್ರೆ ಸುಮ್ನೆ ಓಗಲ್ಲ, ಸಕ್ತಿ ಕರ್ಚ್ ಮಾಡ್ಬೇಕು” ಅಂದಳು. ಕೇಳಿದಿರಾ? ಇಲ್ಲದವನ ಕಡೆಯಿಂದ ಇದ್ದವನ ಕಡೆಗೆ ಸಾಗಿಸಲು ಶಕ್ತಿ ಬೇಕು. ಯಾರ ಶಕ್ತಿ? ನಮ್ಮ ಶಕ್ತಿ! ನಮ್ಮ ರಟ್ಟೆಯ ಶಕ್ತಿ!

ಚಪ್ಪಾಳೆ ಸಾಕು, ಹೊತ್ತಿಲ್ಲ. ಷಡಕ್ಷರಿಯವರು ಅಧಿಕಾರಿಗಳ ಕಿವಿಯಲ್ಲಿ ಏನೋ ಹೇಳುತ್ತಿದ್ದಾರೆ. ಏನೆಂದು ನಾನೇ ಹೇಳುತ್ತೇನೆ. “ಅದು ಪೈಪಿನ ನೀರು, ಗದ್ದೆಗೆ ಹೋಗುವುದು ನಾಲೆಯಲ್ಲಿ ಬೆರೆತು ತೆಳ್ಳಗಾದ ನೀರು.” ನಿಜ. ಒಪ್ಪುತ್ತೇನೆ. ಆದರೆ ತೆಳ್ಳಗಿನ ನೀರು ಗದ್ದೆಯಲ್ಲಿ ನಿಲ್ಲುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಮತ್ತೆ ನೀರು ಬಿಡುತ್ತೇವೆ, ಮತ್ತೆ ಆರುತ್ತದೆ. ಮಣ್ಣಿನಲ್ಲಿ ಉಪ್ಪು ಕೂಡುತ್ತ ಕೂಡುತ್ತ ಗಟ್ಟಿಯಾಗುತ್ತದೆ. ಗದ್ದೆಯಲ್ಲಿ ವಾರಗಟ್ಟಲೆ ಮೆಲ್ಲಗೆ ಆಗುವ ಕೊಲೆಯನ್ನು ನಿಮ್ಮ ಊಟದ ಹೊತ್ತಿನೊಳಗೆ ತೋರಿಸಬೇಕಿತ್ತು, ಅದಕ್ಕೆ ಪೈಪಿನ ಬಾಯಿಗೇ ಹೋದೆ.

ನಾವು ಕಾರ್ಖಾನೆ ಮುಚ್ಚಿ ಎನ್ನುತ್ತಿಲ್ಲ. ಕೌದಳ್ಳಿಯ ಹೆಣ್ಣುಮಕ್ಕಳು ಅಲ್ಲಿ ದುಡಿಯುತ್ತಾರೆ. ನಮ್ಮ ಮನೆಯವರೇ, ಕೆಂಪನಂಜಪ್ಪನವರು, ಮೇಲಿನ ಹೊಲದಲ್ಲಿ ಇವರಿಗೆ ಮಿಡಿಸೌತೆ ಬೆಳೆದುಕೊಡುತ್ತಾರೆ. ಅಗೋ, ಮೂರನೇ ಸಾಲಿನಲ್ಲಿದ್ದಾರೆ. ಒಂದು ದಿನ “ಅನ್ನ ಕೊಡೋರ ಮ್ಯಾಲೆ ಮೈಕ್ ಇಡ್ಕಬ್ಯಾಡ ಕಣಮ್ಮಿ” ಅಂದರು. “ಗದ್ದೆ ಕೊಡೋದು ಅನ್ನ ಅಲ್ವಾ?” ಅಂದೆ. ಅವತ್ತಿನಿಂದ ಮಾತಿಲ್ಲ. ಇವತ್ತು ಒಂದೇ ಬಸ್ಸಿನಲ್ಲಿ ಬಂದೆವು, ಬೇರೆ ಬೇರೆ ಸೀಟಿನಲ್ಲಿ. ಸತ್ತೇಗಾಲದಿಂದ ಇಲ್ಲಿಯವರೆಗೆ ನಾನು ಅವರ ಬೆನ್ನನ್ನೇ ನೋಡಿಕೊಂಡು ಬಂದೆ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಕಂಡೆ, ಬಾಯಿಗೆ ಬಂತು. ಇರಲಿ.

ವಿಷಯ ಇಷ್ಟೇ. ಸೋಮವಾರ ನಾಲೆಗೆ ನೀರು ಬಿಡುತ್ತಾರೆ. ಊರಿನ ಒಟ್ಲುಗಳೆಲ್ಲ ನಾಟಿಗೆ ಬಂದು ನಿಂತಿವೆ. ಅಷ್ಟರೊಳಗೆ ಆ ಪೈಪು ಮುಚ್ಚದಿದ್ದರೆ ನಮಗೆ ಈ ವರ್ಷವೂ ಭತ್ತವಿಲ್ಲ, ಮಣ್ಣು ಇನ್ನಷ್ಟು ಕೆಟ್ಟರೆ ಮುಂದಿನ ವರ್ಷಕ್ಕೆ ಗದ್ದೆಯೂ ಇಲ್ಲ. ಈಗ ಲೋಟ ನೋಡಿ, ಮಲ್ಲಿಕಾರ್ಜುನಸ್ವಾಮಿಯವರೇ. ದೂರದಿಂದ ಬೇಡ, ಹತ್ತಿರ ಬಂದು ನೋಡಿ. ಬಲಗಡೆಯದು ನಿಂತಿದೆ. ಎಡಗಡೆಯದು ಲೋಟದ ಅಂಚಿನ ಮೇಲೆ ಮಲಗಿದೆ. ಲೋಟದ ತುಂಬ ನೀರಿದೆ! ಈಗ ಹೇಳಿ, ನೀರು ನಿಂತ ಕಡೆ ಪೈರು ಒಣಗುವುದುಂಟೋ ಇಲ್ಲವೋ? ಹಿಂದಿನವರು ಫೋನ್ ಎತ್ತಿ ಹಿಡಿಯಿರಿ, ವಿಡಿಯೋ ಆಗಲಿ. ಅಧಿಕಾರಿಗಳು ನೋಡಿದ್ದನ್ನು ನಾವು ನೋಡಿದ್ದೇವೆ.

ಯಾರದು ಎದ್ದು ಬರುತ್ತಿರುವುದು? ಅಡ್ಡ ಬರಬೇಡಿ, ಮೇಷ್ಟ್ರೇ, ಬಿಡಿ. ಅವರು ನಮ್ಮ ಮನೆಯವರು.

ಏನ್ರೀ? ಮೈಕು ಬೇಕಾ? ಬೇಡವಂತೆ.

ಸಭಿಕರೇ, ಹಿಂದೆ ಇರುವವರಿಗೆ ಕಾಣುತ್ತಿಲ್ಲವಾದರೆ ಹೇಳುತ್ತೇನೆ. ಕೆಂಪನಂಜಪ್ಪನವರು ಎಡಗಡೆಯ ಲೋಟದಿಂದ ಪೈರು ತೆಗೆದರು. ಬೇರನ್ನು ತಮ್ಮ ಪಂಚೆಯಲ್ಲಿ ಒರೆಸಿದರು. ಈಗ ಹೊಳೆಯ ನೀರಿನ ಲೋಟಕ್ಕೆ ಇಡುತ್ತಿದ್ದಾರೆ. ನಾನು ಹೇಳಿಕೊಟ್ಟಿರಲಿಲ್ಲ. ಯಾರೂ ಹೇಳಲಿಲ್ಲ. ಮಲಗಿದ ಪೈರನ್ನು ನೋಡಿಕೊಂಡು ಕೂರಲು ಆ ಮನುಷ್ಯನಿಂದ ಆಗಲಿಲ್ಲ, ಅಷ್ಟೇ.

ಏಳುತ್ತದೆಯೇ ಅದು? ಗೊತ್ತಿಲ್ಲ. ತಡವಾಗಿರದಿದ್ದರೆ ನೀರು ಮತ್ತೆ ಒಳಗೆ ಹೋಗುತ್ತದೆ ಎನ್ನುತ್ತಾಳೆ ರಮ್ಯ. ತಡವಾಗಿದ್ದರೆ ಇಲ್ಲ. ಅದಕ್ಕೇ ನಾವು ಪರಿಶೀಲನೆ, ವರದಿ, ಸಮಿತಿ ಎಂಬ ಮಾತುಗಳನ್ನು ಇನ್ನು ಕೇಳುವುದಿಲ್ಲ.

ಅಧಿಕಾರಿಗಳು ಏನೋ ಹೇಳುತ್ತಿದ್ದಾರೆ. ಜೋರಾಗಿ ಹೇಳಿ ಸ್ವಾಮಿ. ನಾಳೆ ಪೈಪಿನ ಹತ್ತಿರ ಬರುತ್ತಾರಂತೆ! ಪೈಪಿನ ವಾಲ್ವಿಗೆ ಹಾಕಿರುವ ಬೀಗದ ಕೈಯನ್ನೂ ತರಿಸುತ್ತಾರಂತೆ! ಒಳ್ಳೆಯದು. ಬಂದರೆ ಅವರ ಕೈಯಲ್ಲಿ ಮುಚ್ಚಿಸೋಣ, ಬಾರದಿದ್ದರೆ ನಾವೇ ಮುಚ್ಚೋಣ. ಸನ್ಮಾನಕ್ಕೆ, ಸಹನೆಗೆ, ಎರಡು ನಿಮಿಷವನ್ನು ಇಷ್ಟು ಉದ್ದಕ್ಕೆ ಎಳೆಯಲು ಬಿಟ್ಟ ಮೇಷ್ಟ್ರಿಗೆ ವಂದನೆಗಳು. ಊಟ ಮಾಡಿ ಹೋಗಿ, ಆದರೆ ಬೇಗ ಮಲಗಿ. ನಾಳೆ ಭಾನುವಾರ, ಬೆಳಿಗ್ಗೆ ಏಳು ಗಂಟೆಗೆ, ನಾಲೆಯ ಎಡದಂಡೆ, ಪೈಪಿನ ಬಾಯಿ. ಮನೆಗೊಬ್ಬರಲ್ಲ, ಮನೆಯವರೆಲ್ಲ. ನಾವಿಬ್ಬರೂ ಬರುತ್ತೇವೆ. ನಮಸ್ಕಾರ.